ಕೊಡಲಿಗೆ ಮುನ್ನ ಆರು ವಾರ

ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿರುವ ಹ್ಯಾಂಪ್‌ಷೈರ್ ಪ್ರಾಂತದಲ್ಲಿ ಸೆಲ್ಬೋರ್ನ್ ಎಂಬುದೊಂದು ಸಣ್ಣ ಗ್ರಾಮ. ಉದ್ದನೆಯ ಒಂದು ಬೀದಿ, ಬೀದಿಯ ಬೆನ್ನಿಗೆ ಬೀಚ್ ಮರಗಳು ದಟ್ಟವಾಗಿ ಬೆಳೆದ ಕಡಿದಾದ ಗುಡ್ಡ, ಪ್ರಾಚೀನವಾದ ಒಂದು ಚರ್ಚು, ಅದರ ಸಮೀಪದಲ್ಲಿ ಊರಿನವರು ಕೂಡುವ ಪುಟ್ಟ ಬಯಲು. 1720ರಲ್ಲಿ ಇದೇ ಊರಿನಲ್ಲಿ ಹುಟ್ಟಿ 1793ರಲ್ಲಿ ಇಲ್ಲಿಯೇ ದೇಹಬಿಟ್ಟ ಗಿಲ್ಬರ್ಟ್ ವೈಟ್ ಎಂಬ ಉಪಪಾದ್ರಿಯು ತನ್ನ ಗ್ರಾಮದ ಗಿಡ, ಮರ, ಹಕ್ಕಿ, ಹುಳುಗಳನ್ನು ದಿನದಿನವೂ ಗಮನಿಸಿ ಬರೆದಿಟ್ಟು, 1789ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಆ ಒಂದು ಪುಸ್ತಕದಿಂದ ಸೆಲ್ಬೋರ್ನ್ ಲೋಕಪ್ರಸಿದ್ಧವಾಯಿತು. ವೈಟ್ ವಾಸವಾಗಿದ್ದ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ.

ಈ ಮನೆಯ ಎದುರಿಗೆ ಬೀದಿಯ ಆಚೆಯಲ್ಲಿ ಒಂದು ಕಸಾಯಿಯ ಅಂಗಡಿಯಿತ್ತು. 1756ರಲ್ಲಿ ವೈಟ್ ಆ ಅಂಗಡಿಯ ಅಂಗಳದಲ್ಲಿ ನಾಲ್ಕು ಲೈಮ್ ಮರಗಳನ್ನು ನೆಡಿಸಿದನು. (ಇದು ನಿಂಬೆಯಲ್ಲ, ಅಗಲವಾದ ಎಲೆಯ, ತಂಪಾದ ನೆರಳಿನ, ಯುರೋಪಿನ ಬೇರೊಂದು ವೃಕ್ಷ.) ನೆಟ್ಟ ಕಾರಣವನ್ನು ಆತನೇ ತನ್ನ ತೋಟದ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ: ತನ್ನ ಮನೆಯ ಕಿಟಕಿಗಳಿಂದ ರಕ್ತವೂ ಹೊಲಸೂ ಕಾಣಬಾರದು ಎಂಬುದೇ ಆ ಕಾರಣ.

ಒಬ್ಬ ಶ್ರಾವಕನು ಈ ಸಂಗತಿಯನ್ನು ಓದಿದರೆ ಅವನ ಮನಸ್ಸಿನಲ್ಲಿ ಎರಡು ಭಾವಗಳು ಒಟ್ಟಿಗೆ ಏಳುವುದು ಸಹಜ. ರಕ್ತವನ್ನು ಕಂಡು ಅಸಹ್ಯಪಟ್ಟ ಮನಸ್ಸು ಮೃದುವಾದದ್ದೇ ಸರಿ. ಆದರೆ ಮರಗಳು ಬೆಳೆದು ಎಲೆಗಳು ಮುಸುಕಿದ ಮೇಲೆಯೂ ಅಂಗಡಿ ಅಂಗಡಿಯಾಗಿಯೇ ಉಳಿಯಿತು. ನೋಟ ತಪ್ಪಿತು, ವಧೆ ತಪ್ಪಲಿಲ್ಲ. ಮರವು ಇಲ್ಲಿ ಮನುಷ್ಯನ ಕಣ್ಣಿಗೆ ಕಟ್ಟಿದ ಪರದೆ. ಇದನ್ನು ವೈಟ್‌ನ ಮೇಲಿನ ದೋಷಾರೋಪಣೆಯೆಂದು ಎಣಿಸಬಾರದು. ಆತನ ದೇಶಕಾಲಗಳ ಆಹಾರಪದ್ಧತಿಯೇ ಬೇರೆ. ಆದರೆ ಇಂಗ್ಲೆಂಡಿನ ಗ್ರಾಮಗಳಲ್ಲಿ ಇಂದು ಮರಗಳನ್ನು ಕಾಯುತ್ತಿರುವ ಕಾನೂನನ್ನು ಪರಿಶೀಲಿಸುವಾಗ ಈ ನಾಲ್ಕು ಮರಗಳು ಮತ್ತೆ ಮತ್ತೆ ನೆನಪಿಗೆ ಬರುತ್ತವೆ.

ಕಾನೂನಿಲ್ಲದ ಕಾಲದ ಸಂಗತಿಯನ್ನು ಮೊದಲು ನೋಡಬಹುದು. ವೈಟ್‌ನ ಗ್ರಂಥದ ಆರಂಭದಲ್ಲಿಯೇ ಲೋಸೆಲ್ಸ್ ಎಂಬ ಚಿಕ್ಕ ತೋಪಿನ ವೃತ್ತಾಂತವಿದೆ. ಕೆಲವೇ ಎಕರೆಗಳ ಆ ತೋಪಿನಲ್ಲಿ ಓಕ್ ಮರಗಳು ಒತ್ತೊತ್ತಾಗಿ ನಿಂತು, ಕೊಂಬೆಗಳಿಲ್ಲದೆ ನೆಟ್ಟಗೆ ಎತ್ತರವಾಗಿ ಬೆಳೆದಿದ್ದವು. ಲಂಡನ್ನಿನ ಸಮೀಪದ ಹ್ಯಾಂಪ್ಟನ್ ಕೋರ್ಟಿನ ಬಳಿ ಸೇತುವೆಯೊಂದು ಶಿಥಿಲವಾದಾಗ, 50 ಅಡಿ ಉದ್ದಕ್ಕೂ ಕೊಂಬೆಯಿಲ್ಲದ, ತುದಿಯಲ್ಲಿಯೂ 12 ಅಂಗುಲ ವ್ಯಾಸವುಳ್ಳ ಮರಗಳು ಬೇಕಾದವು. ಸರಬರಾಜಿನವನಿಗೆ ಈ ಪುಟ್ಟ ತೋಪಿನಲ್ಲಿ ಅಂಥ 20 ಮರಗಳು ದೊರೆತವು. ಒಂದೊಂದು ಮರ 20 ಪೌಂಡಿಗೆ ಮಾರಾಟವಾಯಿತು.

ಅದೇ ತೋಪಿನ ನಡುವೆ ಬೇರೊಂದು ಓಕ್ ಮರವಿತ್ತು. ಅದರ ಕಾಂಡದ ಮಧ್ಯದಲ್ಲಿ ದೊಡ್ಡದೊಂದು ಗಂಟು ಉಬ್ಬಿಕೊಂಡಿತ್ತು. ಅದರ ಮೇಲೆ, ಕಾಗೆಯ ಕುಲಕ್ಕೆ ಸೇರಿದ ಆದರೆ ಗಾತ್ರದಲ್ಲಿ ಬಹಳ ದೊಡ್ಡದಾದ ರೇವನ್ ಹಕ್ಕಿಗಳ ಜೋಡಿಯೊಂದು ವರ್ಷ ವರ್ಷವೂ ಗೂಡು ಕಟ್ಟುತ್ತಿತ್ತು. ಮರಕ್ಕೆ ಆ ಹಕ್ಕಿಯ ಹೆಸರೇ ನಿಂತುಹೋಗಿತ್ತು. ಊರ ಹುಡುಗರು ಗೂಡನ್ನು ಮುಟ್ಟಬೇಕೆಂದು ಹತ್ತುತ್ತಿದ್ದರು. ಗಂಟಿನ ತನಕ ಹೋಗಿ, ದಾಟಲಾರದೆ, ಹೆದರಿ ಇಳಿಯುತ್ತಿದ್ದರು. ಹೀಗೆ ಪ್ರಕೃತಿಯೇ ಒದಗಿಸಿದ ಅಭಯದಲ್ಲಿ ಆ ಹಕ್ಕಿಗಳು ಬಾಳುತ್ತಿರುವಾಗ ತೋಪನ್ನೆಲ್ಲ ಕಡಿಸುವ ದಿನ ಬಂದಿತು. ಅದು ಫೆಬ್ರವರಿ ತಿಂಗಳು, ರೇವನ್ ಹಕ್ಕಿಗಳು ಮೊಟ್ಟೆಗೆ ಕಾವು ಕೊಡುವ ಸಮಯ. ಬುಡಕ್ಕೆ ಗರಗಸ ಹತ್ತಿತು, ಸೀಳಿನಲ್ಲಿ ಬೆಣೆಗಳನ್ನಿಟ್ಟು ಕೊಡತಿಯಿಂದ ಬಡಿದರು, ಮರ ತೂಗಾಡಿತು. ತಾಯಿಹಕ್ಕಿ ಏಳಲಿಲ್ಲ. ಕೊನೆಗೆ ಮರ ಉರುಳಿದಾಗ ಅದು ಗೂಡಿನಿಂದ ಎಸೆಯಲ್ಪಟ್ಟು, ರೆಂಬೆಗಳ ಹೊಡೆತಕ್ಕೆ ಸಿಕ್ಕಿ ಸತ್ತು ನೆಲಕ್ಕೆ ಬಿದ್ದಿತು.

ಈ ಪ್ರಸಂಗದಲ್ಲಿ ಕ್ರೂರಿ ಎನ್ನಬಹುದಾದ ಒಬ್ಬನೂ ಇಲ್ಲ. ಸೇತುವೆ ಜನಕ್ಕೆ ಬೇಕು. ಸರಬರಾಜಿನವನು ಅಳತೆಗೆ ಸರಿಯಾದ ಮಾಲನ್ನು ಹುಡುಕಿದನು. ತೋಪಿನ ಒಡೆಯನು ತನ್ನ ಸ್ವತ್ತನ್ನು ನ್ಯಾಯವಾದ ಬೆಲೆಗೆ ಕೊಟ್ಟನು. ಮರ ಕೊಯ್ದವರು ಕೂಲಿಯವರು. 20 ಮರ, ಮರಕ್ಕೆ 20 ಪೌಂಡಿನಂತೆ 400 ಪೌಂಡುಗಳು ಲೆಕ್ಕದ ಪುಸ್ತಕದ ಜಮೆಯ ಕಡೆಗೆ ಬಂದವು. ಹಕ್ಕಿಯನ್ನು ಬರೆದುಕೊಳ್ಳಲು ಆ ಪುಸ್ತಕದಲ್ಲಿ ಖಾತೆಯೇ ಇರಲಿಲ್ಲ. ವ್ಯಾಪಾರವನ್ನೇ ಕುಲವೃತ್ತಿಯಾಗಿ ಮಾಡಿಕೊಂಡ ಸಮಾಜವು ಈ ಸ್ಥಳದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನು ಬಿಡಬೇಕಾದ ಹದಿನೈದು ಖರಕರ್ಮಗಳನ್ನು ಹೇಳುವಾಗ ವನಜೀವಿಕೆಯನ್ನು, ಅಂದರೆ ಮರಗಳನ್ನು ಕಡಿದು ಮಾರಿ ಬದುಕುವುದನ್ನು, ಮೊದಲಲ್ಲಿಯೇ ಎಣಿಸಿದ್ದಾರೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ ಈ ಪಟ್ಟಿ ಇದೆ. ಹಿಂಸೆಯ ಸಂಕಲ್ಪವೇ ಇಲ್ಲದ ಒಂದು ಸರಳ ಕ್ರಯವಿಕ್ರಯದೊಳಗೆ ಎಷ್ಟು ಹಿಂಸೆ ಅಡಗಿರಬಲ್ಲದೆಂಬುದನ್ನು ಅರಿತೇ ಪೂರ್ವಾಚಾರ್ಯರು ಈ ನಿಷೇಧವನ್ನು ವಿಧಿಸಿದರು. ಲೋಸೆಲ್ಸ್ ತೋಪು ಅದಕ್ಕೆ ಬರೆದ ಭಾಷ್ಯದಂತಿದೆ.

ಸೆಲ್ಬೋರ್ನಿನ ಜನರಿಗೆ ಮರಗಳ ಮೇಲೆ ಪ್ರೀತಿ ಇರಲಿಲ್ಲವೆಂದು ಇದರಿಂದ ತಿಳಿಯಬಾರದು. ಚರ್ಚಿನ ಸಮೀಪದ ಬಯಲಿನಲ್ಲಿ ಪುರಾತನವಾದ ಓಕ್ ವೃಕ್ಷವೊಂದಿತ್ತು. ವೃದ್ಧರು ಅದರ ಕೆಳಗೆ ಕುಳಿತು ಮಾತನಾಡುತ್ತಿದ್ದರು, ಸಂಜೆ ಮಕ್ಕಳು ಆಡುತ್ತಿದ್ದರು. 1703ರ ಮಹಾ ಬಿರುಗಾಳಿಗೆ ಅದು ಬುಡಮೇಲಾಯಿತು. ಅಂದಿನ ಪಾದ್ರಿಯು ತನ್ನ ಕೈಯಿಂದ ಹಣ ಹಾಕಿ ಅದನ್ನು ಎತ್ತಿ ಮತ್ತೆ ನಿಲ್ಲಿಸಿದನು. ಸ್ವಲ್ಪ ಕಾಲ ಚಿಗುರಿ, ಅನಂತರ ಅದು ಒಣಗಿಹೋಯಿತು. ಚರ್ಚಿನ ಅಂಗಳದ ಯೂ ಮರವಂತೂ ಇನ್ನೂ ಹಳೆಯದು. ವೈಟ್ ಅಳೆದಾಗ ಅದರ ಸುತ್ತಳತೆ 23 ಅಡಿ ಇತ್ತು. 1990ರ ಜನವರಿ 25ರಂದು ಬೀಸಿದ ಬಿರುಗಾಳಿಗೆ ಅದೂ ಉರುಳಿತು. 1703ರಲ್ಲಿ ಮಾಡಿದ್ದನ್ನೇ ಊರಿನವರು 287 ವರ್ಷಗಳ ಅನಂತರವೂ ಮಾಡಿದರು. ಯಂತ್ರಗಳನ್ನು ತರಿಸಿ ಮರವನ್ನು ಎತ್ತಿ ನಿಲ್ಲಿಸಿದರು. ಅದೂ ಬದುಕಲಿಲ್ಲ. ಬಿದ್ದ ಮರಕ್ಕಾಗಿ ಹಣ ಸುರಿದು ಮರುಗುವ ಊರು ಇದು. ಆದರೂ ನಿಂತ ಮರವನ್ನು ಅದರ ಒಡೆಯನೇ ಕಡಿಸಿದಾಗ ತಡೆಯುವ ಮಾರ್ಗ ಈ ಪ್ರೀತಿಗೆ ತಿಳಿದಿರಲಿಲ್ಲ. ಆ ಮಾರ್ಗವನ್ನು ಒದಗಿಸಿದ್ದು ಇಪ್ಪತ್ತನೆಯ ಶತಮಾನದ ಶಾಸನಗಳು.

ಇಂಗ್ಲೆಂಡಿನಲ್ಲಿ 1947ರ ನಗರ ಮತ್ತು ಗ್ರಾಮಾಂತರ ಯೋಜನಾ ಶಾಸನದಿಂದ ವೃಕ್ಷ ಸಂರಕ್ಷಣಾ ಆದೇಶವೆಂಬ ಪದ್ಧತಿ ದೇಶವ್ಯಾಪಿಯಾಗಿ ನೆಲೆಗೊಂಡಿತು. ಈಗ ಅದು 1990ರ ಶಾಸನ ಮತ್ತು 2012ರ ನಿಯಮಗಳಿಗೆ ಅನುಸಾರವಾಗಿ ನಡೆಯುತ್ತಿದೆ. ಸ್ಥಳೀಯ ಯೋಜನಾ ಪ್ರಾಧಿಕಾರವು ಒಂದೇ ಒಂದು ಮರಕ್ಕಾಗಲಿ, ಮರಗಳ ಗುಂಪಿಗಾಗಲಿ, ಇಡೀ ತೋಪಿಗಾಗಲಿ ಈ ಆದೇಶವನ್ನು ಹೊರಡಿಸಬಹುದು. ಮರವು ಖಾಸಗಿ ಹಿತ್ತಲಿನಲ್ಲಿದ್ದರೂ ಸರಿ, ಒಡೆಯನ ಒಪ್ಪಿಗೆ ಬೇಕಿಲ್ಲ. ಆದೇಶವು ಆ ದಿನದಿಂದಲೇ ತಾತ್ಕಾಲಿಕವಾಗಿ ಜಾರಿಗೆ ಬರುತ್ತದೆ. ಆಕ್ಷೇಪಣೆಗೆ ಕನಿಷ್ಠ 28 ದಿನಗಳ ಅವಕಾಶ. ಆರು ತಿಂಗಳೊಳಗೆ ಅದನ್ನು ಸ್ಥಿರಪಡಿಸದಿದ್ದರೆ ಆ ತಾತ್ಕಾಲಿಕ ರಕ್ಷಣೆ ಕೊನೆಗೊಳ್ಳುತ್ತದೆ. ಇಂಥ ಆದೇಶ ಹೊರಡಿಸಿರೆಂದು ಪ್ರಾಧಿಕಾರವನ್ನು ಕೇಳಿಕೊಳ್ಳಲು ಯಾರಿಗೂ ಅವಕಾಶವಿದೆ. ಆದೇಶಕ್ಕೆ ಒಳಪಟ್ಟ ಮರವನ್ನು ಮುಟ್ಟಬೇಕಾದರೆ ಒಡೆಯನು ಕಾರಣ ತಿಳಿಸಿ ಅರ್ಜಿ ಹಾಕಬೇಕು. ಅರ್ಜಿ ತಿರಸ್ಕೃತವಾದರೆ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಗ್ರಾಮಗಳಿಗೆ ಇನ್ನೂ ಹತ್ತಿರವಾದದ್ದು ಬೇರೊಂದು ವ್ಯವಸ್ಥೆ. ಹಳೆಯ ಊರುಗಳ ಚೆಲುವನ್ನು ಉಳಿಸುವುದಕ್ಕಾಗಿ 1967ರ ಶಾಸನವೊಂದು ಸಂರಕ್ಷಣಾ ಪ್ರದೇಶಗಳನ್ನು ಗುರುತಿಸುವ ಅಧಿಕಾರ ನೀಡಿತು. ಸೆಲ್ಬೋರ್ನ್ ಅಂಥದೊಂದು ಪ್ರದೇಶ. ಅಲ್ಲದೆ ಆ ಊರು ಸೌತ್ ಡೌನ್ಸ್ ರಾಷ್ಟ್ರೀಯ ಉದ್ಯಾನದ ಎಲ್ಲೆಯೊಳಗಿದೆ. (ಅಲ್ಲಿನ ರಾಷ್ಟ್ರೀಯ ಉದ್ಯಾನವೆಂದರೆ ಜನರನ್ನು ಹೊರಗಿಟ್ಟ ಅಭಯಾರಣ್ಯವಲ್ಲ, ಊರು, ಹೊಲ, ಅಂಗಡಿಗಳೆಲ್ಲ ಅದರೊಳಗೇ ಇವೆ.) ಸಂರಕ್ಷಣಾ ಪ್ರದೇಶದೊಳಗೆ ವಿಶೇಷ ಆದೇಶವಿಲ್ಲದ ಸಾಮಾನ್ಯ ಮರವನ್ನು ಕಡಿಯಬೇಕಾದರೂ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಅದರ ಕಾಂಡದ ವ್ಯಾಸ 75 ಮಿಲಿಮೀಟರಿಗಿಂತ ಹೆಚ್ಚಿದ್ದರೆ, ಒಡೆಯನು ಆರು ವಾರ ಮುಂಚಿತವಾಗಿ ಪ್ರಾಧಿಕಾರಕ್ಕೆ ಲಿಖಿತ ಸೂಚನೆ ಕೊಡಬೇಕು. ಕೊಂಬೆ ಕತ್ತರಿಸುವುದಕ್ಕೂ ಇದೇ ನಿಯಮ.

ಈ ಆರು ವಾರಗಳ ಸ್ವರೂಪ ಗಮನಾರ್ಹವಾಗಿದೆ. ಸೂಚನೆ ಕೊಟ್ಟವನು ಕಾರಣ ಹೇಳಬೇಕಾಗಿಲ್ಲ. ಪ್ರಾಧಿಕಾರವು ಬರಿದೇ ‘ಕೂಡದು’ ಎಂದು ನಿರಾಕರಿಸುವಂತೆಯೂ ಇಲ್ಲ. ಅದರ ಮುಂದೆ ಎರಡೇ ದಾರಿ: ಸುಮ್ಮನಿದ್ದು ಕಡಿಯಗೊಡುವುದು, ಇಲ್ಲವೇ ಆ ಅವಧಿಯೊಳಗೆ ಆ ಮರಕ್ಕೆ ಪೂರ್ಣ ಸಂರಕ್ಷಣಾ ಆದೇಶ ಹೊರಡಿಸುವುದು. ಆರು ವಾರ ಕಳೆದರೂ ಉತ್ತರ ಬಾರದಿದ್ದರೆ ಒಡೆಯನು ಸ್ವತಂತ್ರ. ಎಂದರೆ ಕಾನೂನು ಇಲ್ಲಿ ಕೇಳುತ್ತಿರುವುದು ಕೇವಲ ತಡೆದುಕೊಳ್ಳುವುದನ್ನು. ಕೋಪದಲ್ಲಿ, ನೆರೆಯವನ ಮೇಲಿನ ಹಟದಲ್ಲಿ, ಎಲೆ ಗುಡಿಸಿ ಬೇಸತ್ತ ಒಂದು ಬೆಳಗಿನಲ್ಲಿ ಕೈಗೆತ್ತಿಕೊಂಡ ಕೊಡಲಿಯನ್ನು ನಲವತ್ತೆರಡು ದಿನ ಮೂಲೆಯಲ್ಲಿಡಿಸುತ್ತದೆ. ಆ ದಿನಗಳಲ್ಲಿ ಅಧಿಕಾರಿಯೊಬ್ಬನು ಬಂದು ಮರವನ್ನು ನೋಡಬಹುದು, ಬೀದಿಯವರು ಮಾತನಾಡಬಹುದು, ಒಡೆಯನ ಮನಸ್ಸೇ ತಿರುಗಬಹುದು. ಸಂಯಮವೆಂಬ ಶಬ್ದವನ್ನು ಬಳಸದೆಯೇ ಶಾಸನವು ಸಂಯಮಕ್ಕೆ ವಾಯಿದೆ ಹಾಕಿದೆ.

ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಅನರ್ಥದಂಡವನ್ನು ವಿವರಿಸುತ್ತ, ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು ಮುಂತಾದವುಗಳೊಡನೆ ನಿಷ್ಪ್ರಯೋಜನವಾದ ವನಸ್ಪತಿಚ್ಛೇದನವನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ಹಿಂಸೆಯ ಉಪಕರಣಗಳನ್ನು ಪರರಿಗೆ ಕೊಡುವ ಹಿಂಸಾದಾನದ ಪಟ್ಟಿಯಲ್ಲಿ ಕೊಡಲಿಯೇ ಮೊದಲನೆಯದು. ಸ್ಥಾವರ ಜೀವಗಳ ಹಿಂಸೆಯನ್ನು ಗೃಹಸ್ಥನು ಸಂಪೂರ್ಣವಾಗಿ ಬಿಡಲಾರನು ಎಂಬುದನ್ನು ಒಪ್ಪಿಯೇ, ‘ಇದು ಬೇಕೇ?’ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಕಡಿತಕ್ಕೂ ಮುಂಚೆ ಇಡುವುದು ಆ ವ್ರತದ ಆಶಯ. ಸಂರಕ್ಷಣಾ ಆದೇಶದ ಅರ್ಜಿಯಲ್ಲಿ ಕಾರಣವನ್ನು ಬರೆಯಲು ಬಿಟ್ಟಿರುವ ಜಾಗದಲ್ಲಿಯೂ ಅದೇ ಪ್ರಶ್ನೆ ಇದೆ. ಒಂದು ವ್ರತ, ಇನ್ನೊಂದು ನಮೂನೆ ಪತ್ರ. ಪ್ರಶ್ನೆ ಮಾತ್ರ ಒಂದೇ.

ಶಾಸನವು ನಿಷೇಧಿಸಿರುವ ಕ್ರಿಯೆಗಳ ಪಟ್ಟಿಯೂ ಕುತೂಹಲಕರವಾಗಿದೆ: ಮರವನ್ನು ಕಡಿದುರುಳಿಸುವುದು, ಬೇರುಸಹಿತ ಕೀಳುವುದು, ತಲೆ ಕತ್ತರಿಸುವುದು, ಕೊಂಬೆ ಸವರುವುದು, ಬೇಕೆಂದೇ ಕೆಡಿಸುವುದು, ನಾಶಪಡಿಸುವುದು. ಇದನ್ನು ಓದಿದವರಿಗೆ ಷಡ್ಲೇಶ್ಯೆಗಳ ದೃಷ್ಟಾಂತ ನೆನಪಾಗದೆ ಇರದು. ಶ್ರವಣಬೆಳಗೊಳದ ಜೈನ ಮಠದ ಗೋಡೆಯ ಮೇಲೆ ಆ ವೃಕ್ಷದ ವರ್ಣಚಿತ್ರವೇ ಇದೆ. ಹಸಿದು ಬಂದ ಆರು ಜನರಲ್ಲಿ ಕೃಷ್ಣಲೇಶ್ಯೆಯವನು ಹಣ್ಣಿಗಾಗಿ ಮರವನ್ನು ಬೇರಿನಿಂದಲೇ ಕೀಳಬೇಕೆನ್ನುತ್ತಾನೆ. ನೀಲಲೇಶ್ಯೆಯವನು ಕಾಂಡವನ್ನು, ಕಪೋತಲೇಶ್ಯೆಯವನು ದೊಡ್ಡ ಕೊಂಬೆಯನ್ನು, ಪೀತಲೇಶ್ಯೆಯವನು ಸಣ್ಣ ರೆಂಬೆಯನ್ನು ಕಡಿಯಬೇಕೆನ್ನುತ್ತಾನೆ. ಪದ್ಮಲೇಶ್ಯೆಯವನು ಹಣ್ಣನ್ನು ಕಿತ್ತರೆ ಸಾಕೆನ್ನುತ್ತಾನೆ. ಶುಕ್ಲಲೇಶ್ಯೆಯವನು ಬಿದ್ದ ಹಣ್ಣನ್ನು ಆಯ್ದುಕೊಳ್ಳುತ್ತಾನೆ. ಇಂಗ್ಲೆಂಡಿನ ಶಾಸನವು ತನಗರಿವಿಲ್ಲದೆ ನಾಲ್ಕನೆಯವನಿಗೂ ಐದನೆಯವನಿಗೂ ನಡುವೆ ಬೇಲಿ ಹಾಕಿದೆ. ಮೊದಲ ನಾಲ್ವರು ಅಪ್ಪಣೆ ಪಡೆಯಬೇಕು, ಉಳಿದಿಬ್ಬರಿಗೆ ಅಡ್ಡಿಯಿಲ್ಲ. ಆದರೆ ಲೇಶ್ಯೆ ಮನಸ್ಸಿನ ಬಣ್ಣ, ಬೇಲಿ ಕೈಯನ್ನು ಮಾತ್ರ ತಡೆಯುತ್ತದೆ. ಮರದ ಬುಡಕ್ಕೆ ಗುಟ್ಟಾಗಿ ರಂಧ್ರ ಕೊರೆದು ವಿಷ ಹಾಕುವವರೂ, ಆದೇಶ ಬರಬಹುದೆಂಬ ಅಂಜಿಕೆಯಿಂದಲೇ ಅವಸರವಾಗಿ ಕಡಿಸುವವರೂ ಆ ದೇಶದಲ್ಲಿ ಇಲ್ಲದಿಲ್ಲ.

ಇಲ್ಲಿಯವರೆಗೆ ಹೊಗಳಿಕೆ ಸಂದಿತು. ಈಗ ಆ ಶಾಸನದ ಮುಖ್ಯ ಶಬ್ದಕ್ಕೆ ಬರಬೇಕು. ಪ್ರಾಧಿಕಾರವು ಮರವನ್ನು ಕಾಯುವುದು ಯಾವುದರ ಸಲುವಾಗಿ? ಶಾಸನದ ಉತ್ತರ: ‘ಅಮೆನಿಟಿ’ಯ ಸಲುವಾಗಿ. ಇದಕ್ಕೆ ಸಮನಾದ ಒಂದೇ ಕನ್ನಡ ಶಬ್ದ ಸಿಗುವುದಿಲ್ಲ; ಸ್ಥಳದ ಚೆಲುವು, ಅದರಿಂದ ಜನರಿಗೆ ದೊರೆಯುವ ಹಿತ ಎಂದು ಬಿಡಿಸಿ ಹೇಳಬೇಕು. ಶಾಸನವೂ ಇದನ್ನು ವ್ಯಾಖ್ಯಾನಿಸಿಲ್ಲ. ಸರ್ಕಾರದ ಮಾರ್ಗದರ್ಶನದ ಪ್ರಕಾರ, ಸಾಮಾನ್ಯವಾಗಿ ಮರ ಅಥವಾ ಅದರ ಒಂದು ಭಾಗವಾದರೂ ರಸ್ತೆಯಂಥ ಸಾರ್ವಜನಿಕ ಸ್ಥಳದಿಂದ ಕಾಣುವಂತಿರಬೇಕು. ಅದು ಹೋದರೆ ಜನರ ಸಂತೋಷಕ್ಕೆ ಗಣನೀಯ ನಷ್ಟವಾಗುವಂತಿರಬೇಕು. ಗೋಡೆಯ ಹಿಂದೆ ಯಾರ ಕಣ್ಣಿಗೂ ಬೀಳದೆ ಇನ್ನೂರು ವರ್ಷ ಬಾಳಿದ ಮರಕ್ಕೆ ಈ ರಕ್ಷೆ ದೊರೆಯುವುದು ಕಷ್ಟ. ಬೇಲಿಗಿಡಕ್ಕೂ ಪೊದೆಗೂ ಆದೇಶವೇ ಅನ್ವಯಿಸುವುದಿಲ್ಲ.

ವೈಟ್ ನೆಡಿಸಿದ ನಾಲ್ಕು ಲೈಮ್ ಮರಗಳು ನೆನಪಾಗುವುದು ಇಲ್ಲಿಯೇ. ಕಿಟಕಿಯಲ್ಲಿ ನಿಂತವನ ಹಿತಕ್ಕಾಗಿ ಆ ಮರಗಳು. ರಸ್ತೆಯಲ್ಲಿ ನಡೆಯುವವನ ಹಿತಕ್ಕಾಗಿ ಈ ಕಾನೂನು. ಎರಡರಲ್ಲಿಯೂ ಮರವನ್ನು ನೋಡುವುದು ಹೊರಗಿನಿಂದ. ಜೈನಾಗಮದ ದೃಷ್ಟಿಯಲ್ಲಿ ಮರವು ವನಸ್ಪತಿಕಾಯಿಕವಾದ ಏಕೇಂದ್ರಿಯ ಜೀವ. ಸ್ಪರ್ಶನೇಂದ್ರಿಯ, ಕಾಯಬಲ, ಆಯುಷ್ಯ, ಶ್ವಾಸೋಚ್ಛ್ವಾಸ ಎಂಬ ನಾಲ್ಕು ಪ್ರಾಣಗಳು ಅದಕ್ಕಿವೆ. ಯಾರು ನೋಡಲಿ ಬಿಡಲಿ, ಸ್ಪರ್ಶದ ಮೂಲಕ ಅದು ತನ್ನ ಸುಖದುಃಖಗಳನ್ನು ತಾನೇ ಅನುಭವಿಸುತ್ತದೆ. ಕಾಣದ ಮರಕ್ಕೂ ಕೊಡಲಿಯ ಏಟು ಅಷ್ಟೇ. ಆದ್ದರಿಂದ ಈ ಕಾನೂನನ್ನು ಅಹಿಂಸೆಯ ಕಾನೂನೆಂದು ಕರೆಯಲಾಗದು. ಅದು ಪುರುಷಾರ್ಥಿಯಾದ ಮನುಷ್ಯನ ಸುಖವನ್ನು ಕಾಯುವ ಕಾನೂನು, ಮರ ಆ ಸುಖದ ನೆರಳಿನಲ್ಲಿ ಬದುಕುತ್ತದೆ. ಇತ್ತೀಚಿನ ಒಂದು ಮೊಕದ್ದಮೆ ಇದನ್ನು ಇನ್ನೂ ಸ್ಪಷ್ಟಪಡಿಸಿತು. ಉತ್ತರ ಇಂಗ್ಲೆಂಡಿನ ಹೇಡ್ರಿಯನ್ ಗೋಡೆಯ ಬಳಿ ಎರಡು ದಿಬ್ಬಗಳ ನಡುವೆ ಒಂಟಿಯಾಗಿ ನಿಂತಿದ್ದ ಪ್ರಸಿದ್ಧ ಸಿಕಮೋರ್ ಮರವನ್ನು 2023ರ ಸೆಪ್ಟೆಂಬರಿನ ಒಂದು ರಾತ್ರಿ ಇಬ್ಬರು ಯಂತ್ರದ ಗರಗಸದಿಂದ ಕೊಯ್ದು ಕೆಡವಿದರು. 2025ರ ಜುಲೈನಲ್ಲಿ ಇಬ್ಬರಿಗೂ ತಲಾ ನಾಲ್ಕು ವರ್ಷ ಮೂರು ತಿಂಗಳ ಸೆರೆವಾಸ ವಿಧಿಸಲಾಯಿತು. ಆದರೆ ಆರೋಪಪಟ್ಟಿಯಲ್ಲಿದ್ದ ಅಪರಾಧವು ಪರರ ಸ್ವತ್ತಿಗೆ ಮಾಡಿದ ಹಾನಿ. ಮರಕ್ಕೆ ಕಟ್ಟಿದ ಹಾನಿಯ ಬೆಲೆ 6,22,191 ಪೌಂಡ್. ಲೋಸೆಲ್ಸ್ ತೋಪಿನ ಓಕ್ ಮರದ 20 ಪೌಂಡಿನಿಂದ ಇಲ್ಲಿಯವರೆಗೆ ಬೆಲೆ ಬಹಳ ಏರಿದೆ. ಖಾತೆ ಮಾತ್ರ ಬದಲಾಗಿಲ್ಲ. ಅಂದೂ ಸ್ವತ್ತಿನ ಖಾತೆ, ಇಂದೂ ಅದೇ.

ಇಷ್ಟು ಹೇಳಿ ಕಾನೂನನ್ನು ಹಗುರವಾಗಿ ಕಾಣುವುದೂ ತಪ್ಪಾಗುತ್ತದೆ. ‘ಮರವೂ ಜೀವ’ ಎಂದು ಪ್ರತಿನಿತ್ಯ ಸ್ವಾಧ್ಯಾಯದಲ್ಲಿ ಓದುವ ಸಮಾಜಕ್ಕಿಂತ, ಹಾಗೆಂದು ಎಂದೂ ಹೇಳದ ಒಂದು ಗ್ರಾಮ ಕೆಲವು ವಿಷಯಗಳಲ್ಲಿ ಹೆಚ್ಚು ಬಿಗಿಯಾಗಿ ನಡೆದುಕೊಳ್ಳುತ್ತಿದೆ. ಚರ್ಚಿನ ಅಂಗಳದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಇಂಗ್ಲೆಂಡಿನ ಚರ್ಚಿಗೆ ಸೇರಿದ ಊರಿನ ಆಡಳಿತ ಮಂಡಳಿಯವರು ತಮ್ಮ ಅಂಗಳದ ಮರವನ್ನು ತಾವೇ ಠರಾವು ಮಾಡಿ ಕಡಿಸುವಂತಿಲ್ಲ. ಧರ್ಮಪ್ರಾಂತದ ಮೇಲಧಿಕಾರಿಯ ಇಲ್ಲವೇ ಅದರ ನ್ಯಾಯಾಧಿಕಾರಿಯ ಲಿಖಿತ ಅನುಮತಿ ಬೇಕು; ಜೊತೆಗೆ ಮರಕ್ಕೆ ಸಂರಕ್ಷಣಾ ಆದೇಶವಿದ್ದರೆ, ಅಥವಾ ಅದು ಸಂರಕ್ಷಣಾ ಪ್ರದೇಶದಲ್ಲಿದ್ದರೆ, ಯೋಜನಾ ಪ್ರಾಧಿಕಾರದ ನಿಯಮವನ್ನೂ ಪಾಲಿಸಬೇಕು. ದೇವರ ಮನೆ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಬಸದಿಗಳ ಅಂಗಳದಲ್ಲಿ ವಾಹನ ನಿಲುಗಡೆಗೆಂದೋ, ಮಂಟಪದ ವಿಸ್ತಾರಕ್ಕೆಂದೋ, ಬೇರು ನೆಲಗಟ್ಟನ್ನು ಎತ್ತುತ್ತದೆಂದೋ ಒಂದೇ ಸಭೆಯಲ್ಲಿ ಮರಗಳ ಅಳಿವು ಉಳಿವು ತೀರ್ಮಾನಿಸುವ ಟ್ರಸ್ಟಿನವರು ಈ ಎರಡು ಅನುಮತಿಗಳ ವಿಚಾರವನ್ನು ಓದಿ ಸುಮ್ಮನಾಗಲಾರರು. ಇಂಗ್ಲೆಂಡಿನಲ್ಲಿ ನೆಲೆಸಿರುವ ಜೈನರೂ ಇದೇ ಯೋಜನಾ ಶಾಸನದ ಅಧೀನರು. ಹರ್ಟ್‌ಫರ್ಡ್‌ಷೈರಿನ ನಾರ್ಥಾ ಗ್ರಾಮದ ಬಳಿ ಹಸಿರು ವಲಯದೊಳಗೆ ಓಸ್ವಾಲ್ ಸಮಾಜದವರು ನಿರ್ಮಿಸಿ 2005ರಲ್ಲಿ ಪ್ರತಿಷ್ಠಾಪಿಸಿದ ಶಿಖರಬದ್ಧ ದೇರಾಸರವೂ ಯೋಜನಾ ಅನುಮತಿಯನ್ನು ಪಡೆದೇ ಎದ್ದುನಿಂತದ್ದು.

ದಂಡನೆಯ ವಿಧಾನವು ವ್ಯಾಪಾರದ ಬುದ್ಧಿಯವರಿಗೆ ಸುಲಭವಾಗಿ ಅರ್ಥವಾಗುವಂಥದು. ಸಂರಕ್ಷಿತ ಮರವನ್ನು ನಾಶಮಾಡಿದವನಿಗೆ ಕೆಳ ನ್ಯಾಯಾಲಯವು ವಿಧಿಸಬಹುದಾಗಿದ್ದ ದಂಡಕ್ಕೆ ಹಿಂದೆ 20,000 ಪೌಂಡಿನ ಮಿತಿ ಇತ್ತು. 2015ರಲ್ಲಿ ಆ ಮಿತಿಯನ್ನು ತೆಗೆದುಹಾಕಲಾಯಿತು. ದಂಡವನ್ನು ನಿಗದಿಪಡಿಸುವಾಗ, ಮರ ಕಡಿದುದರಿಂದ ಅಪರಾಧಿಗೆ ಒದಗಿದ ಅಥವಾ ಒದಗಬಹುದಾದ ಹಣದ ಲಾಭವನ್ನು ನ್ಯಾಯಾಲಯವು ಪರಿಗಣಿಸಲೇಬೇಕು. ನಿವೇಶನದ ಬೆಲೆ ಏರಲೆಂದು ಕಡಿದವನಿಗೆ ಆ ಏರಿಕೆಯೇ ದಂಡದ ಅಳತೆಗೋಲಾಗಬಹುದು. ಅಲ್ಲಿಗೂ ಮುಗಿಯುವುದಿಲ್ಲ. ಅದೇ ಸ್ಥಳದಲ್ಲಿ ತಕ್ಕ ಜಾತಿಯ, ತಕ್ಕ ಗಾತ್ರದ ಇನ್ನೊಂದು ಗಿಡವನ್ನು ನೆಡಬೇಕು. ಈ ಹೊಣೆ ಕಡಿದವನ ಮೇಲಲ್ಲ, ಭೂಮಿಯ ಒಡೆಯನ ಮೇಲೆ. ಭೂಮಿ ಮಾರಾಟವಾದರೆ ಹೊಣೆಯೂ ಕೊಂಡವನಿಗೆ ವರ್ಗವಾಗುತ್ತದೆ. ಕಡಿದವನು ಹಣ ತೆಗೆದುಕೊಂಡು ಊರು ಬಿಟ್ಟರೂ ಬಾಕಿ ಆ ನೆಲದಲ್ಲಿಯೇ ನಿಂತಿರುತ್ತದೆ.

ಒಡೆಯರ ಕಷ್ಟವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಆದೇಶ ಹೊರಡಿಸುವ ಪ್ರಾಧಿಕಾರವು ಮರದ ಪಾಲನೆಯ ಖರ್ಚನ್ನು ಹೊರುವುದಿಲ್ಲ. ಬೇರು, ಕೊಂಬೆ, ಕತ್ತಲೆ, ಕಸ ಎಲ್ಲವೂ ಒಡೆಯನ ಪಾಲು, ಚೆಲುವು ದಾರಿಹೋಕರ ಪಾಲು. ಅನುಮತಿ ನಿರಾಕರಣೆಯಿಂದ ಆದ ನಷ್ಟವು 500 ಪೌಂಡು ಮುಟ್ಟದಿದ್ದರೆ ಪರಿಹಾರ ಕೇಳುವಂತಿಲ್ಲ. ಸತ್ತ ಮರಕ್ಕೂ ಅಪಾಯಕರವಾದ ಮರಕ್ಕೂ ಸಡಿಲಿಕೆ ಇದೆ ಎಂಬುದು ನಿಜ; ಆದರೂ ಹೊರೆ ಹೊರೆಯೇ. ಪರರ ಸಂತೋಷಕ್ಕಾಗಿ ತನ್ನ ನೆಲದಲ್ಲಿ ಒಂದು ಜೀವವನ್ನು ಇರಗೊಟ್ಟು ಅದರ ಖರ್ಚನ್ನು ತಾನು ಹೊರುವುದು ದಾನಕ್ಕೆ ಬಹಳ ಸಮೀಪವಾದದ್ದು. ಕಾನೂನಿನ ಒತ್ತಾಯದಿಂದ ಮಾಡಿದ್ದರಿಂದ ಅದಕ್ಕೆ ದಾನವೆಂಬ ಹೆಸರು ಸಲ್ಲುವುದಿಲ್ಲ, ಅಷ್ಟೇ.

ಲೋಸೆಲ್ಸ್ ತೋಪಿನ ಒಡೆಯನು ಇಂದು ಆ ಮರಗಳನ್ನು ಮಾರಹೊರಟರೆ ಏನಾಗುತ್ತಿತ್ತೆಂದು ಲೆಕ್ಕ ಹಾಕಿ ನೋಡಬಹುದು. 1967ರ ಅರಣ್ಯ ಶಾಸನದ ಪ್ರಕಾರ ಮೂರು ತಿಂಗಳ ಒಂದು ಅವಧಿಯಲ್ಲಿ 5 ಘನಮೀಟರಿಗಿಂತ ಹೆಚ್ಚು ಮರವನ್ನು ಕಡಿಯಲು ಸಾಮಾನ್ಯವಾಗಿ ಪರವಾನಗಿ ಬೇಕು. 20 ಓಕ್ ಮರಗಳು ಆ ಪ್ರಮಾಣವನ್ನು ಬಹಳವಾಗಿ ಮೀರುತ್ತವೆ. ಪರವಾನಗಿ ದೊರೆತರೂ ಮರಳಿ ನೆಡುವ ಷರತ್ತು ಅದರೊಡನೆ ಬರುವುದೇ ವಾಡಿಕೆ. ಇನ್ನು ಗಂಟಿನ ಮೇಲಿನ ಆ ಗೂಡು: 1981ರ ವನ್ಯಜೀವಿ ಮತ್ತು ಗ್ರಾಮಾಂತರ ಶಾಸನವು ಕಾಡುಹಕ್ಕಿಯ ಬಳಕೆಯಲ್ಲಿರುವ ಗೂಡನ್ನು ಬೇಕೆಂದು ನಾಶಪಡಿಸುವುದನ್ನು ಅಪರಾಧವೆಂದು ಸಾರಿದೆ, ಸೆರೆವಾಸಕ್ಕೂ ಅವಕಾಶವಿದೆ. ಹಕ್ಕಿ ಕಾವು ಕೊಡುತ್ತಿರುವುದನ್ನು ಕಂಡವನು ಬುಡಕ್ಕೆ ಗರಗಸ ಹಚ್ಚುವಂತಿಲ್ಲ. ಮರಿಗಳು ಹಾರಿಹೋಗುವ ತನಕ ಕಾಯಬೇಕು. ಈ ಒಂದು ಕಲಮಿನಲ್ಲಿ ಚೆಲುವಿನ ಮಾತಿಲ್ಲ, ರಸ್ತೆಯಿಂದ ಕಾಣಬೇಕೆಂಬ ನಿಯಮವಿಲ್ಲ, ಬೆಲೆಯ ಲೆಕ್ಕವಿಲ್ಲ. ಇಲ್ಲಿ ಕಾನೂನು ಮರದ ಹೊರಗಿನಿಂದ ಒಂದಿಷ್ಟು ಒಳಗೆ ಕಾಲಿಟ್ಟಿದೆ, ಗೂಡಿನ ತನಕ ಬಂದಿದೆ. ಮರದ ತನಕ ಬರಲು ಅದಕ್ಕೆ ಇನ್ನೂ ದಾರಿ ಉಳಿದಿದೆ.

ಸೆಲ್ಬೋರ್ನ್ ಚರ್ಚಿನ ಅಂಗಳದಲ್ಲಿ ಹಳೆಯ ಯೂ ಮರದ ಬೊಡ್ಡೆ ಈಗಲೂ ಇದೆ. ಆ ಮರ ಬಿದ್ದಾಗ ಊರಿನವರು ಅದರ ರೆಂಬೆಯೊಂದನ್ನು ಕಸಿಗೆ ಇಟ್ಟು ಬೆಳೆಸಿದರು. ಅದರಿಂದ ಎದ್ದ ಗಿಡವನ್ನು ಅದೇ ಅಂಗಳದಲ್ಲಿ ನೆಟ್ಟರು. ನೆಡುವ ದಿನ ಅದರ ಕಾಂಡ ಶಾಸನ ಹೇಳುವ 75 ಮಿಲಿಮೀಟರಿಗೆ ಎಷ್ಟೋ ಕಡಿಮೆ.